ಚಿಕ್ಕ ಗಾಲ್ಫಿನ ಹುಲ್ಲು

ತಪ್ಪು ನನ್ನದೇ ಇರಬಹುದು. ಇಲ್ಲದೆಯೂ ಇರಬಹುದು. ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ, ಇನ್ನೂ ಬಗೆಹರಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗಾದರೂ ತಿಳಿದರೆ ತಿಳಿಯಲಿ.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಗಾಲ್ಫ್ ಮೈದಾನ. ಒಂಬತ್ತೇ ಕುಳಿ. ಆಟೋದವರು ಇದನ್ನು ‘ಚಿಕ್ಕ ಗಾಲ್ಫು’ ಅನ್ನುತ್ತಾರೆ, ಯಾಕೆಂದರೆ ಮೂರು ಕಿಲೋಮೀಟರ್ ಮುಂದೆ ‘ದೊಡ್ಡ ಗಾಲ್ಫು’ ಇದೆ. ಬೆಟ್ಟದ ಬುಡದಲ್ಲಿ ಅದರಪ್ಪನಂಥದ್ದು ಇನ್ನೊಂದಿದೆ. ಅಲ್ಲೆಲ್ಲ ಕಾರಂಜಿ, ಗಾಜಿನ ಹೋಟೆಲು. ನಮ್ಮಲ್ಲಿ ಒಂದು ಶೆಡ್ಡು, ಆಫೀಸಿನಲ್ಲಿ ಅಮಾನುಲ್ಲಾ, ಹುಲ್ಲಿಗೆ ಆರು ಜನ ಹೆಂಗಸರು. ಆ ಹೆಂಗಸರಿಗೆ ಮೇಸ್ತ್ರಿ ನಾನು, ಮುನಿಗಂಗಮ್ಮ.

ನಮ್ಮ ಗೇಟಿಗೆ ಬರುವ ಹತ್ತು ಕಾರಿನಲ್ಲಿ ಏಳು ದಾರಿ ತಪ್ಪಿ ಬಂದವು. ಫೋನಿನ ಮ್ಯಾಪು ಅವರನ್ನು ಇಲ್ಲಿಗೆ ತಂದು ನಿಲ್ಲಿಸುತ್ತದೆ. ನಾನು ಹೋಗಿ, “ಇದಲ್ಲ ಸಾರ್, ನೀವು ಹುಡುಕ್ತಿರೋದು ಇನ್ನೂ ಮುಂದೈತೆ” ಅನ್ನುತ್ತೇನೆ. ಅವರು ನನ್ನ ಮುಖಕ್ಕೆ ಧೂಳೆಬ್ಬಿಸಿ ಕಾರು ತಿರುಗಿಸುತ್ತಾರೆ. ಒಬ್ಬನಾದರೂ ಬಂದದ್ದು ಬಂದೆ, ಇಲ್ಲೇ ಆಡೋಣ ಅಂದನೇ? ಹೂಂ, ಅಂದರಲ್ಲವೇ!

ಹುಲ್ಲಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಚೆಂಡು ಕುಳಿಗೆ ಬೀಳುವ ಜಾಗದಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದಲ್ಲ, ಅದಕ್ಕೆ ಗ್ರೀನು ಅನ್ನುತ್ತಾರೆ. ನಾನು ಈ ಕೆಲಸಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ಹುಳದ ಮನೆಗೆ ಯಾರನ್ನೂ ಹಾಗೇ ಬಿಟ್ಟುಕೊಳ್ಳುವುದಿಲ್ಲ. ಬೇರೆಯವರ ಹುಳದ ಮನೆ ತುಳಿದು ಬಂದ ಕಾಲಿನಲ್ಲಿ ರೋಗ ಬರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬರಿಗಾಲಲ್ಲಿ ಒಳಗೆ ಬರಬೇಕು, ತಹಶೀಲ್ದಾರರೇ ಆಗಲಿ. ನಾನು ಇಲ್ಲಿಗೆ ಬಂದ ವರ್ಷ ಗ್ರೀನು ಕಂದು ಕಂದಾಗಿ ಸುಟ್ಟುಕೊಂಡು ಹೋಯಿತು. ಔಷಧಿ ಹೊಡೆದರೂ ಕೇಳಲಿಲ್ಲ. ನೋಡಿದರೆ, ಬೇರೆ ಮೈದಾನದಲ್ಲಿ ಆಡಿದವರು ಬಂದು ಹೋದ ಮಾರನೇ ವಾರವೇ ಕಲೆ ಏಳುತ್ತಿತ್ತು. ಆಗಿನ ಯಜಮಾನರು ನಲ್ಲಪ್ಪನವರು. ಅವರಿಗೆ ಹೇಳಿದೆ: “ಇದೂ ಹುಳಾನೇ ಅನ್ಕೊಳಿ ಸಾಮಿ. ಕಾಲು ತೊಳಿಸಣ.” ಅವರು ನಕ್ಕರು, ಆದರೆ ಒಪ್ಪಿದರು. ಒಂಬತ್ತು ಗ್ರೀನಿಗೂ ಪಕ್ಕದಲ್ಲಿ ಒಂದೊಂದು ನೀರಿನ ಕಲ್ಲುಬಾನಿ ಇಡಿಸಿದರು. ಆವತ್ತಿನಿಂದ ಹನ್ನೊಂದು ವರ್ಷ, ನಮ್ಮ ಗ್ರೀನಿನ ಮೇಲೆ ಶೂ ಬಿದ್ದಿಲ್ಲ, ಒಂದು ಕಲೆ ಎದ್ದಿಲ್ಲ. ಒಂಬತ್ತು ಸಲ ಶೂ ಬಿಚ್ಚಬೇಕಾ ಅಂತ ಜಗಳಕ್ಕೆ ಬಂದವರಿಗೆಲ್ಲ ನನ್ನ ಬಾಯಿಯ ರುಚಿ ಗೊತ್ತು.

ನಲ್ಲಪ್ಪನವರು ತೀರಿಕೊಂಡ ಮೇಲೆ ಮಗ ಕನಕರಾಜ್ ಯಜಮಾನರಾದರು. ಬೆಂಗಳೂರಲ್ಲಿರುತ್ತಾರೆ, ತಿಂಗಳಿಗೊಮ್ಮೆ ಬಂದು ಶೆಡ್ಡಿನಲ್ಲಿ ಕಾಫಿ ಕುಡಿದು ಹೋಗುತ್ತಾರೆ. ಕೆಟ್ಟವರಲ್ಲ. ಸಂಕ್ರಾಂತಿ ಮುಗಿದ ವಾರ ಬಂದು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

“ಲೇಔಟ್‌ನವರು ಕೇಳ್ತಾ ಇದಾರೆ ಗಂಗಮ್ಮ. ಯುಗಾದಿವರ್ಗೂ ನೋಡ್ತೀನಿ. ನಮ್ಮ ಹೆಸ್ರು ಕೇಳ್ಕೊಂಡು ಜನ ಬಂದ್ರೆ ಸರಿ. ಇಲ್ದಿದ್ರೆ ಸೈಟ್ ಮಾಡಿ ಮಾರ್ಬಿಡ್ತೀನಿ.”

ಕೂಲಿ ಎಲ್ಲಾದರೂ ಸಿಗುತ್ತದೆ. ಆ ಹುಲ್ಲು ಎಲ್ಲಿ ಸಿಗುತ್ತದೆ?

ಅದಾಗಿ ಕೆಲವು ದಿನಕ್ಕೆ ಬಿಳಿ ಟೋಪಿಯ ಯಜಮಾನರೊಬ್ಬರು ಒಬ್ಬರೇ ಕಾರಲ್ಲಿ ಬಂದರು. ಅರವತ್ತು ದಾಟಿದವರು. ನಮ್ಮ ಬೋರ್ಡಿನ ಮೇಲೆ ಯಾರೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿಹೋಗಿದ್ದರು, ಬೋರ್ಡು ಕಾಣುತ್ತಿರಲಿಲ್ಲ. ಇಳಿದವರೇ ದೊಡ್ಡ ಗಾಲ್ಫಿನ ಹೆಸರು ಹೇಳಿ, “ಇದೇ ಅಲ್ವೇನಮ್ಮ? ನಾನು ಯಾರಿಗೂ ತಿಳಿಸದೆ ಬಂದಿದೀನಿ, ಆಡಬಹುದಾ?” ಅಂದರು. ‘ಇದಲ್ಲ ಸಾರ್’ ಅನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಅವರು ಬೇಲಿಯಾಚೆಗಿನ ಮೊದಲನೇ ಗ್ರೀನು ನೋಡಿ, “ಅಯ್ಯೋ, ಎಂಥಾ ಹುಲ್ಲಮ್ಮ ಇದು!” ಅಂದುಬಿಟ್ಟರು.

ಹನ್ನೊಂದು ವರ್ಷದಲ್ಲಿ ಆ ಮಾತನ್ನು ಯಾರೂ ಅಂದಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಬಾಯಿ ಮುಚ್ಚಿಕೊಂಡು ಗೇಟು ತೆಗೆದೆ. ದೇವರಾಣೆ, ಮೋಸ ಮಾಡಬೇಕು ಅಂತಲ್ಲ. ಅವರು ಹೋಗಿಬಿಡುತ್ತಾರಲ್ಲ ಅಂತ.

ಅಮಾನುಲ್ಲಾನಿಗೆ ಅವರು ಫೋನಿನಲ್ಲೇ ಫೀಸು ಕಳಿಸಿದರು. ಕಾಲು ತೊಳೆಯಿರಿ ಅಂದಾಗ ಮಗುವಿನ ಹಾಗೆ ಖುಷಿಪಟ್ಟರು. ನಾಲ್ಕನೇ ಗ್ರೀನಿನಲ್ಲಿ ಮರೆತು ಶೂ ಇಡಲು ಹೋದರು ನೋಡಿ, “ರೀ ಸಾಮಿ, ಎತ್ರೀ ಕಾಲು!” ಅಂತ ಕೂಗಿದ್ದಕ್ಕೂ ನಕ್ಕರು. ಒಂಬತ್ತು ಕುಳಿಯನ್ನು ಎರಡು ಸಲ ಆಡಿ, ಕೈಮುಗಿದು ಹೋದರು.

ಆ ಭಾನುವಾರವಲ್ಲ, ಮುಂದಿನ ಭಾನುವಾರ ಅಮಾನುಲ್ಲಾ ಪೇಪರು ಹಿಡಿದು ಓಡಿಬಂದ. ಅವನ ಮುಖ ನೋಡಿದರೆ ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ.

“ಅಕ್ಕಾ, ಆ ಟೋಪಿ ಯಜಮಾನ್ರು ಪೇಪರ್‌ಗೆ ಬರಿಯೋರಂತೆ. ಅರ್ಧ ಪುಟ ಬರ್ದವ್ರೆ. ಈ ಸೀಮೇಲಿ ಇಂಥ ಗ್ರೀನೇ ಇಲ್ಲ ಅಂತ. ಕಾಲು ತೊಳ್ಸೋದು, ಬರಿಗಾಲಲ್ಲಿ ಆಡ್ಸೋದು, ಬಾಯಿ ಜೋರಿರೋ ಹೆಂಗ್ಸು, ಎಲ್ಲಾ ಐತೆ.”

“ಬಾಯಿ ಜೋರು ಅಂತಾನೂ ಬರ್ದವ್ರಾ? ಇರ್ಲಿ ಬಿಡು. ಇನ್ನೇನು ಮತ್ತೆ, ಗೆದ್ವಲ್ಲೋ!”

“ಹೆಸ್ರು ಮಾತ್ರ ದೊಡ್ಡ ಗಾಲ್ಫಿಂದು ಹಾಕವ್ರೆ ಅಕ್ಕ.”

ಅವನು ಹೆಡ್ಡಿಂಗು ಮೂರು ಸಲ ಓದಿದ. ಮೂರು ಸಲವೂ ಅದೇ ಹೆಸರು. ಹೆತ್ತವಳು ನಾನು, ತೊಟ್ಟಿಲು ಪಕ್ಕದ ಮನೆಯಲ್ಲಿ. ಯಾರನ್ನು ಬೈಯಲಿ? ಆಗ ಬಾಯಿ ಮುಚ್ಚಿಕೊಂಡವಳೂ ನಾನೇ.

ಒಂದು ವಾರ ಬಿಟ್ಟು ಮಂಗಳವಾರ ಕನಕರಾಜ್ ಬಂದರು. ಅದೇ ಪೇಪರನ್ನು ಮೇಜಿನ ಮೇಲೆ ಹಾಕಿದರು.

“ನೋಡಿದ್ರಾ ಗಂಗಮ್ಮ? ಅವರೂ ಕಾಲು ತೊಳೆಸ್ತಾರಂತೆ. ನಮ್ದು ಅಂತ ಇದ್ದದ್ದು ಅದೊಂದೇ, ಅದನ್ನೂ ಕಾಪಿ ಹೊಡೆದು ಹೆಸ್ರು ತಗೊಂಡ್ರು. ಇನ್ನು ಅವರ ಎದುರು ನಾವು ನಿಲ್ಲೋ ಮಾತೇ ಇಲ್ಲ. ಯುಗಾದಿವರ್ಗೂ ಯಾಕೆ ಕಾಯ್ಬೇಕು?”

ನಾನು ನಡೆದದ್ದೆಲ್ಲ ಹೇಳಿದೆ. ಆ ಹುಲ್ಲು ನಮ್ಮದು, ಆ ಹೆಂಗಸು ನಾನೇ ಅಂದೆ. ಅವರು ಪಾಪ ಅನ್ನುವ ಹಾಗೆ ನನ್ನನ್ನು ನೋಡಿದರು.

“ಜೋರು ಬಾಯಿ ಹೆಂಗಸ್ರು ಎಲ್ಲ ಕಡೆ ಇರ್ತಾರೆ ಅಮ್ಮ. ನಾನು ನಿನ್ನೆ ತಾನೇ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಕಣ್ಣಾರೆ ನೋಡ್ದೆ, ಕಾಲು ತೊಳೆಸ್ತಾ ಇದ್ರು.”

ಇದೇನಪ್ಪ ಹೊಸ ಕಥೆ! ಅವತ್ತು ರಾತ್ರಿಯೆಲ್ಲ ಅದೇ ಯೋಚನೆ. ಟೋಪಿಯವರು ಇಲ್ಲಿ ಆಡಿ ಅಲ್ಲಿಗೂ ಹೋಗಿದ್ದರೇ? ದೊಡ್ಡ ಗಾಲ್ಫಿನವರು ನಮಗಿಂತ ಮೊದಲಿಂದಲೂ ತೊಳೆಸುತ್ತಿದ್ದರೇ? ನಲ್ಲಪ್ಪನವರು ಅಲ್ಲಿ ನೋಡಿಯೇ ಒಪ್ಪಿದ್ದರೇ? ನಾನೇ ಕಂಡುಹಿಡಿದೆ ಅಂತ ಹನ್ನೊಂದು ವರ್ಷ ಬೀಗಿದೆನಲ್ಲ, ಅದೂ ಸುಳ್ಳೇ? ನನ್ನ ನೆನಪಿನ ಮೇಲೇ ನನಗೆ ನಂಬಿಕೆ ತಪ್ಪಿತು.

ಮಾರನೇ ದಿನ ದೊಡ್ಡ ಗಾಲ್ಫಿಗೆ ಹೋದೆ. ನನ್ನ ತಂಗಿ ಮಗಳು ಬಿಂದುಶ್ರೀ ಅಲ್ಲಿ ಕೆಲಸಕ್ಕಿದ್ದಾಳೆ. ಗೇಟಿನ ಸೆಕ್ಯುರಿಟಿಯವನು ಹಿಂದೂಪುರದ ಕಡೆಯವನು, “ಎವರಮ್ಮಾ ನುವ್ವು?” ಅಂತ ತೆಲುಗಿನಲ್ಲಿ ಯಾರು ನೀನೆಂದು ಕೇಳಿ ಅಡ್ಡ ಬಂದ. ಬಿಂದುಶ್ರೀ ಬಂದು ಬಿಡಿಸಿಕೊಂಡಳು. ಒಳಗೆ ನೋಡುತ್ತೇನೆ, ಮೊದಲನೇ ಗ್ರೀನಿನ ಪಕ್ಕ ಹಿತ್ತಾಳೆಯ ಹಂಡೆ, ನೀರಲ್ಲಿ ಗುಲಾಬಿ ದಳ, ಮೆತ್ತನೆಯ ಕುರ್ಚಿ. ನಮ್ಮ ಹುಡುಗಿಯ ಕೈಯಲ್ಲಿ ಟವೆಲ್ಲು.

“ಇದು ಯಾವಾಗಿಂದಮ್ಮ?”

“ಹೋದ ವಾರದಿಂದ ದೊಡ್ಡಮ್ಮ. ಪೇಪರಲ್ಲಿ ಬಂತಂತೆ, ಬಂದೋರೆಲ್ಲ ಕಾಲು ತೊಳೆಯೋದೆಲ್ಲಿ ಅಂತ ಕೇಳಕ್ಕೆ ಶುರು ಮಾಡಿದ್ರು. ಮ್ಯಾನೇಜರ್‌ಗೆ ಏನೂ ಅರ್ಥ ಆಗ್ಲಿಲ್ಲ. ಕೊನೆಗೆ ಇದನ್ನ ಇಡಿಸಿದ್ರು.”

ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಒಬ್ಬ ದಪ್ಪನೆಯ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಬಿಂದುಶ್ರೀ ಕಾಲಿಗೆ ನೀರು ಹಾಕಿ ಒರೆಸಿದಳು. ಸಾಹೇಬರು ಕಣ್ಣು ಮುಚ್ಚಿ ಸುಖಪಟ್ಟರು. ಆಮೇಲೆ ಸಾಕ್ಸು ಏರಿಸಿ, ಶೂ ಹಾಕಿ, ದಾರ ಬಿಗಿದು, ಹುಲ್ಲಿನ ಮೇಲೆ ದಪದಪ ನಡೆದುಹೋದರು.

ನಾನು ಅಲ್ಲೇ ಕುಕ್ಕರಿಸಿ ಕೂತು ನಕ್ಕೆ. ಕಾಲು ತೊಳೆಸುವುದು ಯಾಕೆ ಅಂತಲೇ ಆ ಮಹಾನುಭಾವರಿಗೆ ಗೊತ್ತಿಲ್ಲ! ಹುಳದ ಮನೆ ಕಂಡವರು ಯಾರಾದರೂ ಈ ಕೆಲಸ ಮಾಡುತ್ತಾರಾ? ಪಕ್ಕದಲ್ಲೇ ಹುಲ್ಲಿನ ಅಂಚಿನಲ್ಲಿ ಅಂಗೈಯಗಲ ಕಂದು ಕಲೆ ಎದ್ದಿತ್ತು. ಅದನ್ನು ಕಂಡು ಮಾತ್ರ ಸಂಕಟವಾಯಿತು. ಹುಲ್ಲು ಯಾರದಾದರೇನು.

ಶುಕ್ರವಾರ ಕನಕರಾಜ್ ಲೇಔಟಿನವರ ಕಾಗದದ ಜೊತೆ ಬಂದರು. ನಾನು ಬಿಡಲಿಲ್ಲ. “ಸಾಮಿ, ಒಂದು ಫೋನು, ಅಷ್ಟೇ. ಆಮೇಲೆ ನೀವು ಎಲ್ಲಿ ಬೇಕಾದ್ರೂ ಸೈನ್ ಹಾಕಿ” ಅಂದೆ. ಫೀಸು ಕಳಿಸಿದ ನಂಬರು ಅಮಾನುಲ್ಲಾನ ಹತ್ತಿರವಿತ್ತು. ಅವನು ಎಲ್ಲರಿಗೂ ಕೇಳುವ ಹಾಗೆ ಜೋರಿಗೆ ಇಟ್ಟು, ಟೋಪಿಯ ಯಜಮಾನರಿಗೆ ಫೋನು ಹಚ್ಚಿದ.

“ಸಾಮಿ, ನೀವು ಪೇಪರಲ್ಲಿ ಬರೆದ್ರಲ್ಲ, ಅಲ್ಲಿ ಕಾಲು ತೊಳೆದ ಮೇಲೆ ಶೂ ಹಾಕ್ಕೊಂಡ್ರಾ?”

ಆ ಕಡೆಯಿಂದ ನಗು ಕೇಳಿಸಿತು. “ಹಾಕ್ಕೊಳ್ಳೋಕೆ ಎಲ್ಲಿ ಬಿಟ್ರಮ್ಮ ನೀವು? ‘ಎತ್ರೀ ಕಾಲು’ ಅಂದ ಗಂಟಲು ಇದೇ ಅಲ್ವಾ? ಮರೆಯೋಕಾಗುತ್ತಾ!”

ನಾನು ಹೇಳಬೇಕಾದ್ದನ್ನು ಹೇಳಿದೆ. ಅದು ದೊಡ್ಡ ಗಾಲ್ಫಲ್ಲ, ನಾನು ಬೇಕಂತಲೇ ಹೇಳಲಿಲ್ಲ, ತಪ್ಪಾಯಿತು ಅಂದೆ. ಅವರು “ಹಾಗಾದ್ರೆ ನಾನು ಆಡಿದ್ದೆಲ್ಲಿ?” ಅಂತ ಎರಡು ಸಲ ಕೇಳಿದರು. ಹೇಳಿದ ಮೇಲೆ ಬೈಯಲಿಲ್ಲ. ಮುಂದಿನ ಭಾನುವಾರ ಸರಿಮಾಡಿ ಬರೆಯುತ್ತೇನೆ, ನಿಮ್ಮ ಹೆಸರೇ ಹಾಕುತ್ತೇನೆ ಅಂದರು.

ಕನಕರಾಜ್ ಎದ್ದು ನಿಂತರು. ಬಾಗಿಲಿಗೆ ಹೋಗಿ ಮೈದಾನವನ್ನು ನೋಡಿದರು, ಮೊದಲ ಸಲ ನೋಡುವವರ ಹಾಗೆ. “ನಿಜ್ವಾಗ್ಲೂ ನಮ್ದೇನಾ ಗಂಗಮ್ಮ?” ಅಂದರು. “ನಮ್ಮಪ್ಪಂಗೆ ಗೊತ್ತಾಗ್ಬೇಕಿತ್ತು.” ನನಗೆ ಅವರ ಮೇಲೆ ತಾಯಿಯ ಹಾಗೆ ಪ್ರೀತಿ ಬಂತು. ಇನ್ನು ಹೆದರಿಕೆಯಿಲ್ಲ ಅಂದುಕೊಂಡೆ.

ಅವರು ಜೇಬಿನಿಂದ ಫೋನು ತೆಗೆದರು. ಅಮಾನುಲ್ಲಾ ಅಷ್ಟರಲ್ಲಿ ಯಾರೋ ಬಂದರು ಅಂತ ಗೇಟಿಗೆ ಹೋಗಿದ್ದ. ನಾನೊಬ್ಬಳೇ ಕೇಳಿದ್ದು.

“ಹಲೋ, ನಾನು ಕನಕರಾಜ್. ಇವತ್ತು ಸೈನ್ ಬೇಡ, ಹಳೇ ರೇಟ್ ಆಗಲ್ಲ. ಪೇಪರಲ್ಲಿ ಬಂತಲ್ಲ, ಈ ಸೀಮೇಲೇ ಇಂಥ ಗ್ರೀನ್ ಇಲ್ಲ ಅಂತ? ಅದು ನಮ್ಮ ಜಾಗ. ಹೂಂ, ನಮ್ದೇ! ಭಾನುವಾರ ನಮ್ಮ ಹೆಸ್ರಲ್ಲೇ ಬರುತ್ತೆ. ನಿಮ್ಮ ಸೈಟ್ ಬ್ರೋಷರ್‌ಗೆ ಅದನ್ನೇ ಹಾಕ್ಕೊಳಿ. ಸೋಮವಾರ ಕೂತ್ಕೊಂಡು ಮಾತಾಡಣ.”

ಫೋನು ಇಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ.

“ನೀವು ಹೇಳಿದ್ದು ಎಷ್ಟು ಒಳ್ಳೇದಾಯ್ತಮ್ಮ. ಇಲ್ದಿದ್ರೆ ಚಿಲ್ಲರೆಗೆ ಮಾರ್ಬಿಡ್ತಿದ್ದೆ.”

ನನಗೆ ಬೈಗುಳ ಬರಬೇಕಿತ್ತು. ಹುಟ್ಟಿದಾಗಿನಿಂದ ಅದೊಂದಕ್ಕೆ ನನಗೆ ಬರವಿರಲಿಲ್ಲ. ಅವತ್ತು ಬರಲಿಲ್ಲ. ಯಾರನ್ನು ಅಂತ ಬೈಯಲಿ? ಕೈ ಬಿಡಿಸಿಕೊಂಡು ಹೊರಗೆ ಬಂದೆ. ಅಮಾನುಲ್ಲಾ ಗೇಟಿನಿಂದ ಓಡೋಡಿ ಬರುತ್ತಿದ್ದ.

“ಏನಾಯ್ತಕ್ಕ? ನಂಬಿದ್ರಾ?”

“ನಂಬಿದ್ರು ಕಣಪ್ಪ.”

“ಅಲ್‌ಹಮ್ದುಲಿಲ್ಲಾ!” ಅಂದವನೇ, ಏಳನೇ ಗ್ರೀನಿನಲ್ಲಿ ಕಳೆ ಕೀಳುತ್ತಿದ್ದ ನಮ್ಮ ಹೆಂಗಸರಿಗೆ ಕೈ ಬೀಸಿ ಕೂಗುತ್ತಾ ಓಡಿದ. ಅವರೆಲ್ಲ ಎದ್ದು ನಿಂತು ನನ್ನ ಕಡೆ ನೋಡಿ ನಗುತ್ತಿದ್ದರು. ಅವನನ್ನು ತಡೆಯಬೇಕು ಅಂತ ಬಾಯಿ ತೆರೆದೆ. ಏನಂತ ಹೇಳಿ ತಡೆಯಲಿ?