ಭಾನುವಾರದ ಎರಡು ಗಂಟೆ

ನೊಲೀನ್ ಟ್ಯಾಗರ್ಟ್ ಸೈಕಲ್ ಹತ್ತಿದ್ದು ಐವತ್ತೇಳನೆಯ ವಯಸ್ಸಿನಲ್ಲಿ, ಅಳುವುದಕ್ಕೆ ಬೇರೆ ಜಾಗ ಸಿಗದೆ.

ಮಗ ಡಾರ್ಸಿ ಜೈಲಿಗೆ ಹೋದ ಮೇಲೆ ಅವಳು ಮಿಲ್ಡ್ಯೂರಾದ ಮನೆ ಬಿಟ್ಟು ವೆರ್ನೂಕ್‌ಗೆ ಬಂದಿದ್ದಳು. ವೆರ್ನೂಕ್‌ನಿಂದ ಜೈಲಿಗೆ ಇಪ್ಪತ್ತಾರು ಕಿಲೋಮೀಟರ್. ಆ ಊರಿನಲ್ಲಿ ಅವಳನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಅವೆರಡೇ. ಬೇಕರಿಯ ಕೌಂಟರಿನಲ್ಲಿ ಕೆಲಸ ಹಿಡಿದಳು. ಭಾನುವಾರ ಬಂದರೆ ಕಾರು ತೆಗೆದುಕೊಂಡು ಮಗನನ್ನು ನೋಡಲು ಹೋಗುತ್ತಿದ್ದಳು. ಹೋಗುವಾಗ ಏನೂ ಅನ್ನಿಸುತ್ತಿರಲಿಲ್ಲ. ಭೇಟಿ ಮುಗಿಸಿ ಹೊರಬಂದರೆ ಮಾತ್ರ ಕೀಲಿ ತಿರುಗಿಸಲು ಆಗುತ್ತಿರಲಿಲ್ಲ. ಕಾರಿನೊಳಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಳುತ್ತ ಕೂತಿರುತ್ತಿದ್ದಳು. ಅದೇ ಬಾಗಿಲಿನಿಂದ ಬಂದ ಬೇರೆ ಹೆಂಗಸರು ಕಾರಿನ ಕಿಟಕಿಯತ್ತ ಕಣ್ಣು ಹಾಯಿಸಿ, ತಮಗೇನೂ ಕಾಣಲಿಲ್ಲವೆಂಬಂತೆ ಮುಂದೆ ಹೋಗುತ್ತಿದ್ದರು.

ಒಂದು ಭಾನುವಾರ ಕಾರು ಗ್ಯಾರೇಜಿನಲ್ಲಿತ್ತು. ಪಕ್ಕದ ಮನೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಸೈಕಲ್ಲನ್ನು ಕೇಳಿ ತಂದು, ಗಾಳಿ ಹೊಡೆಸಿ, ಅದರಲ್ಲೇ ಹೊರಟಳು. ಮರಳುವಾಗ ಎದುರುಗಾಳಿ. ಕೆನ್ನೆಯ ಮೇಲೆ ಹರಿಯುವ ನೀರು ಗಾಳಿಯಿಂದ ಬಂದದ್ದೋ ಒಳಗಿನಿಂದ ಬಂದದ್ದೋ ಯಾರೂ ಕೇಳುವಂತಿರಲಿಲ್ಲ. ಗೋಧಿಯ ಉಗ್ರಾಣಗಳ ಹತ್ತಿರ ಬರುವಷ್ಟರಲ್ಲಿ ಅಳು ತೀರಿ, ಹೊಟ್ಟೆ ಚುರುಗುಟ್ಟಲು ಶುರುವಾಗಿತ್ತು. ಎಷ್ಟೋ ತಿಂಗಳ ಮೇಲೆ ಅವತ್ತು ಅವಳು ಹಸಿದು ಉಂಡಳು.

ಮುಂದಿನ ತಿಂಗಳು ತನ್ನದೇ ಸೈಕಲ್ ಕೊಂಡಳು. ಆರು ತಿಂಗಳಿಗೆ ಊರಿನ ಸೈಕಲ್ ಸಂಘಕ್ಕೂ ಸೇರಿದಳು. ಶನಿವಾರ ಬೆಳಗ್ಗೆ ಹತ್ತು ಹನ್ನೆರಡು ಮಂದಿ ಕೆರೆಯತನಕ ತುಳಿದು ಬಂದು, ಬೇಕರಿಯ ಹೊರಗಿನ ಮೇಜುಗಳಲ್ಲಿ ಕಾಫಿ ಕುಡಿಯುತ್ತ ಕೂರುವ ಸಂಘ ಅದು. ಮುಂದಾಳು ರಸ್ ಟ್ರಾಂಟರ್. ನಲ್ಲಿ, ಪೈಪಿನ ಕೆಲಸ ಮಾಡಿ ನಿವೃತ್ತನಾದವನು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಲೆಕ್ಕಪತ್ರ, ಫೋಟೋ, ಫೋನಿನ ವ್ಯವಹಾರವೆಲ್ಲ ಔಷಧದಂಗಡಿಯ ಥುಯ್‌ಳದು. ವಯಸ್ಸಿನಲ್ಲಿ ನೊಲೀನಳ ಮಗಳಂತಿದ್ದಳು.

ಮೊದಲ ವಾರವೇ ಯಾರೋ ಮಕ್ಕಳ ವಿಷಯ ಕೇಳಿದರು. "ಒಬ್ಬ ಮಗ, ಪಶ್ಚಿಮದ ಗಣಿಯಲ್ಲಿದಾನೆ" ಎಂದು ನೊಲೀನಳ ಬಾಯಿಂದ ಬಂದುಬಿಟ್ಟಿತು. ಆಮೇಲೆ ಆ ಗಣಿಯನ್ನು ಅವಳೇ ಸಾಕಬೇಕಾಯಿತು. ಅಲ್ಲಿ ಸೆಕೆ ಹೇಗಿದೆ, ಊಟ ಹೇಗೆ, ಕ್ರಿಸ್‌ಮಸ್‌ಗೆ ರಜೆ ಯಾಕೆ ಸಿಗಲಿಲ್ಲ, ಎಲ್ಲಕ್ಕೂ ಉತ್ತರ ಹೊಂದಿಸಿದಳು.

ಅರವತ್ತು ತುಂಬಿದ ದಿನ ಸಂಘದವರು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂರಿಸುವ ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು ಉಡುಗೊರೆ ಕೊಟ್ಟರು. ಥುಯ್ ಅದನ್ನು ಅವಳ ಫೋನಿಗೆ ಜೋಡಿಸಿ, "ಹೊರಡುವಾಗ ಒಂದ್ಸಲ ಒತ್ತಿ, ಮನೆಗೆ ಬಂದ್ಮೇಲೆ ಒಂದ್ಸಲ ಒತ್ತಿ. ಅಷ್ಟೇ" ಎಂದಳು. ನೊಲೀನ್ ಹೇಳಿದಂತೆಯೇ ಒತ್ತುತ್ತಿದ್ದಳು. ಜೈಲಿನ ಗೇಟಿನ ಪಕ್ಕದ ಕಂಬಿಗೆ ಸೈಕಲ್ ಕಟ್ಟಿ ಒಳಗೆ ಹೋದಾಗಲೂ ಅದು ತನ್ನ ಪಾಡಿಗೆ ಮಿನುಗುತ್ತಿತ್ತು. ಎಷ್ಟು ದೂರ ಬಂದೆ ಎಂದು ತನಗೆ ಹೇಳುವ ಯಂತ್ರವೆಂದು ಅವಳು ತಿಳಿದಿದ್ದಳು. ಊರಿಗೆಲ್ಲ ಹೇಳುತ್ತಿದೆಯೆಂದು ತಿಳಿದಿರಲಿಲ್ಲ.

ಒಂಬತ್ತು ತಿಂಗಳ ಮೇಲೆ, ಒಂದು ಶನಿವಾರ, ರಸ್ ಕಾಫಿಯ ಲೋಟ ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ಅಲ್ಲಾ ನೊಲೀನ್, ಒಂದು ವಿಷಯ ಕೇಳ್ಲಾ? ಯಾರವನು?"

"ಯಾರು ಯಾರವನು?"

"ಪ್ರತಿ ಭಾನುವಾರ ಇಪ್ಪತ್ತಾರು ಕಿಲೋಮೀಟರ್ ಹೋಗ್ತೀಯ. ಒಂದೇ ಜಾಗದಲ್ಲಿ ಎರಡು ಗಂಟೆ ನಿಲ್ತೀಯ. ವಾಪಸ್ ಬರ್ತಾ ಇಷ್ಟು ನಿಧಾನ!" ಎಂದು ಕೈಯಲ್ಲಿ ಆಮೆಯ ನಡಿಗೆ ತೋರಿಸಿದ. "ಅಷ್ಟು ಸುಸ್ತು ಮಾಡೋ ಗಂಡಸು ಯಾರಮ್ಮ? ಫೋನಲ್ಲಿ ಸಂಘದ ಪುಟದಲ್ಲಿ ನಿನ್ನೆ ಕೇಳಿದ್ನಲ್ಲ, ನೋಡ್ಲಿಲ್ವಾ? ಎಂಟು ಜನ ನಕ್ಕಿದಾರೆ."

ಮೇಜಿನ ಸುತ್ತ ನಗೆ ಎದ್ದಿತು. ಕೆಟ್ಟ ನಗೆಯಲ್ಲ, ಅವಳಿಗೆ ಒಳ್ಳೆಯದಾಗಲಿ ಎಂಬಂಥದೇ. ನೊಲೀನಳಿಗೆ ಮಾತ್ರ ಕಿವಿಯಲ್ಲಿ ಗುಂಯ್ ಎಂದಿತು.

"ನಿಂಗೆ ಹೇಗೆ ಗೊತ್ತು ಅದು?"

"ನಿನ್ನ ಯಂತ್ರ ಕಳಿಸೋ ನಕ್ಷೆ ಇರತ್ತಲ್ಲ ಮಾರಾಯ್ತಿ! ಎಲ್ಲಾ ಕಾಣತ್ತೆ. ಕೆಂಪು ಗೆರೆ ಹೋಗಿ ಹೋಗಿ ಹೊಲದ ಮಧ್ಯೆ ನಿಂತ್ಬಿಡತ್ತೆ."

ಅಷ್ಟರಲ್ಲಿ ಥುಯ್ ತನ್ನ ಫೋನ್ ತೆಗೆದು ಆ ನಕ್ಷೆಯನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತಿದ್ದಳು. ಅವಳ ಬೆರಳುಗಳು ನಿಂತದ್ದನ್ನು ನೊಲೀನ್ ಕಂಡಳು. ಥುಯ್ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ, "ಅದಾ, ಅದು ಹೊಳೆ ಹತ್ರ. ಹಕ್ಕಿ ನೋಡೋ ಜಾಗ" ಎಂದಳು.

"ಹಕ್ಕಿ!" ಎಂದ ರಸ್. "ಹಾಗೆ ಕರೀತಾರಾ ಈಗ?"

ಮತ್ತೆ ನಗು. ನೊಲೀನ್ ಕೌಂಟರಿನಲ್ಲಿ ಕೆಲಸವಿದೆಯೆಂದು ಎದ್ದು ಒಳಗೆ ಹೋದಳು. ಅವತ್ತು ಅವಳ ರಜೆಯ ದಿನವಾಗಿತ್ತು.

ಮನೆಗೆ ಬಂದು ಮೊಟ್ಟಮೊದಲ ಬಾರಿಗೆ ಆ ಪುಟ ತೆರೆದಳು. ನಲವತ್ತು ಭಾನುವಾರಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಪ್ರತಿಯೊಂದೂ ಅವಳ ಮನೆ ಬಾಗಿಲಿನಿಂದ ಹೊರಟು ಜೈಲಿನ ಗೇಟಿನವರೆಗೆ. ಹೊರಟ ಹೊತ್ತು, ತಲುಪಿದ ಹೊತ್ತು, ವೇಗ. ಗೇಟಿನ ಹತ್ತಿರ ಸೈಕಲ್ ಎಷ್ಟು ನಿಮಿಷ ನಿಂತಲ್ಲೇ ನಿಂತಿತ್ತೆಂಬುದೂ ಅಲ್ಲಿತ್ತು. ರಸ್‌ನ ತಮಾಷೆ, ಅದರಡಿಗೆ ಉಳಿದವರ ನಗೆಮುಖಗಳು. ಓದುತ್ತಿದ್ದಂತೆ, ಸ್ನಾನದ ಮನೆಯ ಬಾಗಿಲು ತೆರೆದಿಟ್ಟು ನಿಂತವಳಂತೆ ಅವಳಿಗೆ ಮೈಯೆಲ್ಲ ಮುದುಡಿತು.

ಸಂಜೆ ಐದಕ್ಕೆ ಮತ್ತೆ ತೆರೆದಾಗ ತಮಾಷೆಗಳು ಇರಲಿಲ್ಲ. ಒಂದೂ ಇರಲಿಲ್ಲ. ರಸ್ ಮನೆಗೆ ಹೋಗಿ ನಕ್ಷೆಯನ್ನು ಹಿಗ್ಗಿಸಿ ನೋಡಿ, ಜೈಲನ್ನು ಕಂಡು ಅಳಿಸಿದ್ದಾನೆ ಎಂದು ಅವಳಿಗೆ ಆಗ ಖಚಿತವಾಯಿತು.

ಸೋಮವಾರ ಥುಯ್ ಬೇಕರಿಗೆ ಬಂದು, ಗಿರಾಕಿಗಳು ಹೋಗುವವರೆಗೂ ಬ್ರೆಡ್ಡಿನ ಮುಂದೆ ನಿಂತಿದ್ದಳು.

"ನನ್ನ ತಪ್ಪು ನೊಲೀನ್. ಜೋಡಿಸಿದಾಗ 'ಎಲ್ಲರಿಗೂ ಕಾಣಲಿ' ಅಂತಾನೇ ಇತ್ತು. ನಾನು ಬದಲಾಯಿಸ್ಲೇ ಇಲ್ಲ. ನಿಮ್ಮನ್ನ ಕೇಳ್ಲೂ ಇಲ್ಲ. ಫೋನ್ ಕೊಡಿ, ಈಗ ಮಾಡ್ತೀನಿ."

"ಅಳಿಸಿದ್ರೆ ಹೋಗತ್ತಾ?"

"ಫೋನಿಂದ ಹೋಗತ್ತೆ. ಅವರ ಕಂಪ್ಯೂಟರಲ್ಲಿ ಎಷ್ಟು ಉಳ್ಕೊಳತ್ತೋ, ನಿಜ ಹೇಳ್ಬೇಕಂದ್ರೆ ನಂಗೂ ಗೊತ್ತಿಲ್ಲ." ಥುಯ್ ತಲೆ ತಗ್ಗಿಸಿ ಒಂದೊಂದೇ ಭಾನುವಾರವನ್ನು ಅಳಿಸುತ್ತ ಹೋದಳು. "ಅಲ್ಲಿ ಯಾರಿದಾರೆ ಅಂತ ನಾನು ಕೇಳಲ್ಲ. ಅಂಗಡೀಲಿ ಊರಿನ ಅರ್ಧ ಗುಟ್ಟು ನನ್ನ ಮಾತ್ರೆ ಡಬ್ಬಿಗಳಲ್ಲೇ ಇದೆ. ಇನ್ನೊಂದು ಭಾರ ಆಗಲ್ಲ."

ನೊಲೀನ್ ಅವಳಿಗೆ ಒಂದು ಕಸ್ಟರ್ಡ್ ಟಾರ್ಟ್ ಕಟ್ಟಿಕೊಟ್ಟಳು. ಮುಂದಿನ ಶನಿವಾರ ಸಂಘದ ಕಡೆ ತಲೆ ಹಾಕಲಿಲ್ಲ.

ಭಾನುವಾರ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೊರಟಳು. ಭೇಟಿಯ ಕೋಣೆಯಲ್ಲಿ ಡಾರ್ಸಿ ಎದುರಿಗೆ ಕೂತು ಅವಳ ಮುಖ ನೋಡಿದ.

"ಏನಮ್ಮಾ ಆಯ್ತು?"

ಮುಚ್ಚಿಡಬೇಕೆಂದು ಬಂದಿದ್ದವಳು ಎಲ್ಲವನ್ನೂ ಹೇಳಿದಳು, ಗಣಿಯನ್ನೂ ಸೇರಿಸಿ. ಡಾರ್ಸಿ ಕುರ್ಚಿಗೆ ಒರಗಿದ.

"ಗಣೀಲಿ ನಂಗೇನು ಕೆಲಸ?"

"ಲಾರಿ... ದೊಡ್ಡ ಲಾರಿ ಓಡಿಸ್ತೀಯ."

ಅವನ ಮುಖ ಸಪ್ಪಗಾಯಿತು. ಕುಡಿದು ಕಾರು ಓಡಿಸಿ ಮರಕ್ಕೆ ಗುದ್ದಿ, ಪಕ್ಕದಲ್ಲಿ ಕೂತಿದ್ದ ಗೆಳೆಯ ಕ್ಯಾಲಮ್‌ನನ್ನು ಕೊಂದು ಅವನು ಇಲ್ಲಿಗೆ ಬಂದಿದ್ದ. ನೊಲೀನ್ ನಾಲಿಗೆ ಕಚ್ಚಿಕೊಂಡಳು.

"ಬಿಡು" ಎಂದ ಡಾರ್ಸಿ. "ಯಾರಾದ್ರೂ ಫೋನಲ್ಲಿ ನನ್ನ ಹೆಸರು ಹೊಡೆದ್ರೆ ಮೊದಲು ಬರೋದು ಆ ಕಾರಿನ ಫೋಟೋ. ನಂಗೆ ಅರವತ್ತಾದ್ರೂ ಅದೇ ಬರತ್ತೆ. ನಂದು ಮುಚ್ಚಿಡೋಕೆ ಏನೂ ಉಳಿದಿಲ್ಲಮ್ಮ. ನಿಂದು ಉಳಿದಿದೆ. ಯಾರಿಗೆ ಹೇಳ್ಬೇಕು, ಯಾರಿಗೆ ಬೇಡ, ನಿನ್ನಿಷ್ಟ. ಯಾರಿಗೂ ಹೇಳ್ಬೇಡ ಬೇಕಾದ್ರೆ. ಆದ್ರೆ ಗಣಿ ಬೇಡ. ಅಲ್ಲಿರೋ ಒಳ್ಳೇ ಹುಡುಗ ಯಾರೋ ನಂಗೊತ್ತಿಲ್ಲ. ನೀನು ನೋಡಕ್ಕೆ ಬರ್ತಿರೋದು ನನ್ನ."

ಅವಳು ಮೇಜಿನ ಮೇಲೆ ಅವನ ಕೈ ಹಿಡಿದುಕೊಂಡಳು. ಮರಳುವ ದಾರಿಯಲ್ಲಿ ಉಗ್ರಾಣಗಳು ಹಿಂದಾದರೂ ಅವತ್ತು ಅಳು ನಿಲ್ಲಲಿಲ್ಲ.

ಬುಧವಾರ ಮಧ್ಯಾಹ್ನ ಯಾರೋ ಗೇಟು ಸರಿಸಿದ ಸದ್ದಾಯಿತು. ನೋಡಿದರೆ ರಸ್, ಹೆಲ್ಮೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ನಿಂತಿದ್ದ. ಅಷ್ಟು ವರ್ಷ ಜೊತೆಗೆ ಸೈಕಲ್ ತುಳಿದರೂ ಅವಳು ಯಾರನ್ನೂ ಮನೆಗೆ ಕರೆದವಳಲ್ಲ.

"ಮನೆ ಹೇಗೆ ಗೊತ್ತಾಯ್ತು ನಿಂಗೆ?"

"ಅದೇ..." ಎಂದವನು ನಿಂತ. "ನಕ್ಷೇಲಿ." ಆ ಮಾತು ತನ್ನ ಕಿವಿಗೇ ಬಿದ್ದಾಗ ಅವನ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು. "ಅಯ್ಯೋ ದೇವರೇ. ಕ್ಷಮೆ ಕೇಳೋಕೆ ಬಂದು ಮತ್ತೆ ಅದನ್ನೇ ಮಾಡ್ದೆ ನೋಡು. ಹೋಗ್ತೀನಿ ನೊಲೀನ್."

ಅವನು ಗೇಟಿನತ್ತ ತಿರುಗಿದ. ಹೋಗಲಿ ಎಂದು ಅವಳಿಗೆ ಅನ್ನಿಸಿತು. ಆದರೆ ಅವನ ಬೆನ್ನು ನೋಡುತ್ತ ನಿಂತಾಗ, ಈ ಮನುಷ್ಯನಿಗೆ ಗೊತ್ತಿರುವುದು ಒಂದು ಗೆರೆ ಮತ್ತು ಒಂದು ಕಟ್ಟಡ ಮಾತ್ರ, ಉಳಿದದ್ದನ್ನು ಅವನು ತನಗೆ ತೋಚಿದಂತೆ ತುಂಬಿಕೊಳ್ಳುತ್ತಾನೆ ಎಂದೂ ಅನ್ನಿಸಿತು.

"ರಸ್, ನಿಲ್ಲು ಅಲ್ಲೇ. ಒಳಗೆ ಬರ್ಬೇಡ. ನಿಂತ್ಕೊಂಡೇ ಕೇಳು."

ಅವನು ನಿಂತ. ಹುಲ್ಲಿನ ಮೇಲೆ ನಿಂತೇ ಅವಳು ಹೇಳಿದಳು. ಡಾರ್ಸಿಯ ವಯಸ್ಸು, ಕ್ಯಾಲಮ್‌ನ ಹೆಸರು, ನ್ಯಾಯಾಲಯದಲ್ಲಿ ಕ್ಯಾಲಮ್‌ನ ತಾಯಿ ತನ್ನ ಕಡೆ ನೋಡದೆ ದಾಟಿಹೋದದ್ದು, ಮಗ ಈಗ ಜೈಲಿನ ಬಡಗಿಯ ಕೋಣೆಯಲ್ಲಿ ಮೇಜು ಮಾಡುವುದನ್ನು ಕಲಿಯುತ್ತಿರುವುದು. ರಸ್ ಒಂದು ತಮಾಷೆಯನ್ನೂ ಮಾಡಲಿಲ್ಲ. ಒಂದು ಸಮಾಧಾನವನ್ನೂ ಹೇಳಲಿಲ್ಲ. ಮುಗಿದ ಮೇಲೆ ಮೂಗು ಒರೆಸಿಕೊಂಡ.

"ಬೇರೆಯವರಿಗೆ ನಾನೇನೂ ಹೇಳಿಲ್ಲ. ಹೇಳೋದೂ ಇಲ್ಲ."

"ಬೇಡ. ಹೇಳೋದಿದ್ರೆ ನಾನೇ ಹೇಳ್ತೀನಿ. ಯಾವಾಗ್ಲೋ."

"ಆ ರಸ್ತೇಲಿ ಉಗ್ರಾಣದ ತನಕ ಬಡಗಣ ಗಾಳಿ ಕೊಲ್ಲತ್ತೆ" ಎಂದ ರಸ್ ನೆಲ ನೋಡುತ್ತ. "ನಾನು ಅಗಲ ಇದೀನಿ. ನನ್ನ ಹಿಂದೇನೇ ಬಂದ್ರೆ ನಿಂಗೆ ಅರ್ಧ ಶ್ರಮ ಉಳಿಯತ್ತೆ. ಮಾತಾಡಲ್ಲ ನಾನು."

"ನೀನು ಮಾತಾಡ್ದೆ ಇರ್ತೀಯಾ?"

"ಪ್ರಯತ್ನ ಮಾಡ್ತೀನಿ."

ಅವಳು ಯೋಚಿಸಿದಳು. "ಉಗ್ರಾಣದ ತನಕ. ಅದರಿಂದಾಚೆ ಬೇಡ."

ಭಾನುವಾರ ಎಂಟಕ್ಕೆ ರಸ್ ರಸ್ತೆಯ ತಿರುವಿನಲ್ಲಿ ಕಾಯುತ್ತಿದ್ದ, ಅವಳ ಗೇಟಿನ ಹತ್ತಿರ ಬಂದಿರಲಿಲ್ಲ. ಮುಂದೆ ಅವನು, ಒಂದು ಮೊಳ ಹಿಂದೆ ಅವಳು. ಗಾಳಿ ಅವನ ಅಂಗಿಯನ್ನು ಹಾಯಿಯಂತೆ ಊದಿಸಿತು. ಹದಿನೈದು ಕಿಲೋಮೀಟರ್ ಅವನು ತುಟಿ ಬಿಚ್ಚಲಿಲ್ಲ. ಒಮ್ಮೆ ಕೆಮ್ಮಿದ, ಒಮ್ಮೆ ರಸ್ತೆಯ ಗುಂಡಿಗೆ ಕೈಸನ್ನೆ ಮಾಡಿದ. ಉಗ್ರಾಣ ಬಂದಾಗ ಕೈಯೆತ್ತಿ, ದೊಡ್ಡ ವೃತ್ತ ಹೊಡೆದು, ಹಿಂತಿರುಗಿ ನೋಡದೆ ಊರಿನ ಕಡೆ ಹೊರಟುಹೋದ.

ಅವತ್ತು ಅವಳು ಎಂದಿಗಿಂತ ಬೇಗ ತಲುಪಿದಳು. ಡಾರ್ಸಿ ಗಡಿಯಾರ ನೋಡಿದ.

"ಏನಮ್ಮಾ, ಹಾರ್ಕೊಂಡ್ ಬಂದ್ಯಾ?"

"ಒಬ್ಬ ದಪ್ಪ ಮನುಷ್ಯ ಗಾಳಿಗೆ ಅಡ್ಡ ನಿಂತ ಕಣೋ."

"ಯಾರು?"

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ರಸ್‌ನ ಬಗ್ಗೆ ಮೊದಲಿನಿಂದ ಹೇಳಲು ಶುರುಮಾಡಿದಳು. ಹೊಟ್ಟೆಗೆ ಹೆಲ್ಮೆಟ್ ಅವುಚಿಕೊಂಡು ಅವನು ಗೇಟಿನಲ್ಲಿ ನಿಂತದ್ದನ್ನು ಎದ್ದು ಮಾಡಿ ತೋರಿಸಿದಾಗ ಡಾರ್ಸಿ ಜೋರಾಗಿ ನಕ್ಕ. ಬಾಗಿಲಿನ ಕಾವಲುಗಾರ ಒಮ್ಮೆ ತಿರುಗಿ ನೋಡಿ, ಮತ್ತೆ ಅತ್ತ ಮುಖ ಮಾಡಿಕೊಂಡ.