ಬೀಗರು ಕೆತ್ತಿದ ಒರೆ

ಸತ್ಯನಾರಾಯಣರಿಗೆ ಬೀಗರ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅಮೆರಿಕದ ಕ್ಯಾರಿ ಎಂಬ ಆ ಊರಿನಲ್ಲಿ ಅವರನ್ನು ಬಲ್ಲವರಿಗೆಲ್ಲ ಅದು ಗೊತ್ತಿತ್ತು. ಹೆಂಡತಿ ಅನಸೂಯಮ್ಮನಿಗಂತೂ ಆ ಕಿಚ್ಚಿನ ಶಾಖ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ಸ್ವಲ್ಪ ತಣ್ಣಗಾದ ದಿನ ಗಂಡನಿಗೆ ಮೈ ಸರಿಯಿಲ್ಲವೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ಬೀಗರೆಂದರೆ ಅಲ್ಫರೆಟಾದ ಬಸವಂತಪ್ಪನವರು, ಅಳಿಯ ಮಯೂರನ ತಂದೆ. ದಾವಣಗೆರೆ ಕಡೆಯವರು. ಆ ಊರಿರುವ ಜಾರ್ಜಿಯಾ ರಾಜ್ಯದಲ್ಲಿ ರಸ್ತೆ ಎಂಜಿನಿಯರಾಗಿ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆಗಿದ್ದರು. ಆ ಮನೆಯಲ್ಲಿ ಅಡುಗೆ ಅವರದೇ. ರೊಟ್ಟಿ ತಟ್ಟುತ್ತಾರೆ, ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ತರಕಾರಿ ಹೆಚ್ಚಿಸುತ್ತಾರೆ, ಊರಿಗೆಲ್ಲ ಕೇಳುವ ಹಾಗೆ ನಗುತ್ತಾರೆ. ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಸತ್ಯನಾರಾಯಣರ ಒಬ್ಬಳೇ ಮಗಳು ಮೇಧಾ, ಮದುವೆಯಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಆ ಮನುಷ್ಯನನ್ನು ಅಪ್ಪಾಜಿ ಎಂದು ಕರೆಯತೊಡಗಿದ್ದಳು.

"ಮಾವ ಅನ್ನೋಕೆ ಏನು ಧಾಡಿ ಇವಳಿಗೆ?" ಎಂದು ಅವರು ಅನಸೂಯಮ್ಮನನ್ನು ಕೇಳಿದ್ದರು.

"ಮಯೂರ್ ಕರೆಯೋ ಹಾಗೆ ಕರೀತಾಳೆ. ನಿಮ್ಮನ್ನ ಅಪ್ಪ ಅನ್ನೋದೇನೂ ನಿಲ್ಲಿಸಿಲ್ಲವಲ್ಲ."

ನಿಲ್ಲಿಸಿರಲಿಲ್ಲ, ನಿಜ. ಆದರೂ ಆ 'ಜಿ' ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಮೀನನ್ನೇ ತಿನ್ನದ ಮನುಷ್ಯನಿಗೆ ಇದು ಹೆಚ್ಚಾಯಿತೆಂದೇ ಹೇಳಬೇಕು.

ಕೋವಿಡ್ ಕಾಲದಲ್ಲಿ ಎಲ್ಲರೂ ಬ್ರೆಡ್ಡು ಸುಡುತ್ತ ಕುಳಿತಿದ್ದಾಗ ಬಸವಂತಪ್ಪನವರು ಚರ್ಮದ ಕೆತ್ತನೆ ಕಲಿತರು. ಮೇಧಾ ಮಯೂರರಿಗೆ ಕ್ಯಾಂಪಿಂಗ್ ಹುಚ್ಚು. ಅವಳ ಬಳಿ ಒಂದು ಒಳ್ಳೆಯ ಚಾಕು ಇತ್ತು, ಅದಕ್ಕೆ ಸರಿಯಾದ ಒರೆ ಇರಲಿಲ್ಲ. ಬೀಗರು ಅದನ್ನು ಮಾಡಿಕೊಟ್ಟರು. ಆ ದೀಪಾವಳಿಗೆ ಕ್ಯಾರಿಗೆ ಬಂದಾಗ ಮೇಧಾ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಕಾರಿನಿಂದ ಇಳಿದಳು. ಜೇನಿನ ಬಣ್ಣದ ಚರ್ಮ, ಅದರ ಮೇಲೆ ಬಳ್ಳಿ, ಬಳ್ಳಿಯ ಮಧ್ಯೆ ಕನ್ನಡದಲ್ಲಿ ಅವಳ ಹೆಸರು.

"ಅಪ್ಪಾಜಿ ಮಾಡಿದ್ದು," ಎಂದಳು. "ಕಂಪ್ಲೀಟ್ಲಿ ಬೈ ಹ್ಯಾಂಡ್, ಅಪ್ಪ. ಕ್ಯಾನ್ ಯು ಬಿಲೀವ್ ಇಟ್?"

ಸತ್ಯನಾರಾಯಣರು ಅದನ್ನು ಬಿಚ್ಚಿಸಿ ಕೈಗೆ ತೆಗೆದುಕೊಂಡರು. ಅನ್ನದಲ್ಲಿ ಕಲ್ಲು ಹುಡುಕುವವರ ಹಾಗೆ ಅದರಲ್ಲಿ ತಪ್ಪು ಹುಡುಕಿದರು. ಹೊಲಿಗೆ ನೇರವಾಗಿತ್ತು. ಅಂಚು ನುಣುಪಾಗಿತ್ತು. ಹೆಸರಿನ ಅಕ್ಷರಗಳೂ, ದುರದೃಷ್ಟವಶಾತ್, ಸರಿಯಾಗಿದ್ದವು. ಕಡೆಗೂ ಒಂದು ತಪ್ಪು ಸಿಕ್ಕಿತು. ಒರೆಯನ್ನು ಎಡ ಸೊಂಟಕ್ಕೆ ಅಂತ ಹೊಲಿದಿದ್ದರು. ಬಲಗಡೆ ಕಟ್ಟಿದರೆ ಚಾಕುವಿನ ಬಾಯಿ ಹಿಂದುಮುಂದಾಗುತ್ತಿತ್ತು. ರಸ್ತೆ ಕಟ್ಟಿದ ಎಂಜಿನಿಯರಿಗೆ ಎಡ ಯಾವುದು ಬಲ ಯಾವುದು ತಿಳಿಯದೆ ಹೋಯಿತೇ ಎಂದು ಅವರಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಪಾಪ, ಹುಡುಗಿ ಮಾವನ ಮನಸ್ಸು ನೋಯಿಸಬಾರದೆಂದು ಎಡಗಡೆ ಕಟ್ಟಿಕೊಂಡು ಓಡಾಡುತ್ತಿದ್ದಾಳೆ. ಆ ತಪ್ಪನ್ನು ಗುಟ್ಟಾಗಿಟ್ಟುಕೊಂಡು ಒರೆಯನ್ನು ಹಿಂದಕ್ಕೆ ಕೊಟ್ಟರು.

ಮಾರನೆಯ ವಾರವೇ ಗ್ಯಾರೇಜಿನಲ್ಲಿ ಒಂದು ಮೇಜು ಬಂತು. ಅದರ ಮೇಲೆ ಅಮೃತಶಿಲೆಯ ಚಪ್ಪಡಿ, ತುದಿಯಲ್ಲಿ ಅಚ್ಚುಗಳಿರುವ ಪುಟ್ಟ ಉಳಿಗಳು, ಬೆರಳಿಟ್ಟು ತಿರುಗಿಸುತ್ತ ಗೀರುವ ಒಂದು ಚಾಕು, ಸುರುಳಿ ಸುತ್ತಿದ ಚರ್ಮ ಬಂದವು. ಅನಸೂಯಮ್ಮ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು.

"ಅದು ಒಳಗೆ ಬರಕೂಡದು. ದೇವರ ಮನೆ ಇದೆ."

"ಇದು ವೆಜಿಟಬಲ್ ಟ್ಯಾನ್ಡ್ ಕಣೇ. ತೊಗಟೆ ರಸದಲ್ಲಿ ಹದ ಮಾಡಿರ್ತಾರೆ."

"ಹಸು ತಿಂದಿದ್ದು ವೆಜ್ಜು. ಹಸು ವೆಜ್ಜಲ್ಲ. ಕೈ ತೊಳ್ಕೊಂಡು ಒಳಗೆ ಬನ್ನಿ."

ಚಳಿಗಾಲವಿಡೀ ಅವರು ಗ್ಯಾರೇಜಿನಲ್ಲಿದ್ದರು. ಚರ್ಮ ಸುಲಭಕ್ಕೆ ಮಣಿಯಲಿಲ್ಲ. ನೀರು ಹೆಚ್ಚು ಸವರಿದರೆ ಗೆರೆ ಹಿಟ್ಟಿನಲ್ಲಿ ಎಳೆದಂತೆ ಮುಚ್ಚಿಕೊಳ್ಳುತ್ತಿತ್ತು, ಒಣಗಿದರೆ ಉಳಿಯ ಪೆಟ್ಟೇ ಕೂರುತ್ತಿರಲಿಲ್ಲ. ಒದ್ದೆ ಮಾಡಿ, ಮೇಲಿನ ಬಣ್ಣ ತಿಳಿಯಾಗುವವರೆಗೆ ಕಾದು, ಮುಟ್ಟಿದರೆ ತಣ್ಣಗಿರುವಾಗಲೇ ಕೆತ್ತಬೇಕು. ಈ ಹದ ಸಿಗುವಷ್ಟರಲ್ಲಿ ಅರ್ಧ ಸುರುಳಿ ಕಸದ ಡಬ್ಬಿ ಸೇರಿತ್ತು. ಬೀಗರನ್ನು ಒಂದು ಮಾತು ಕೇಳಿದ್ದರೆ ಹೇಳಿಕೊಡುತ್ತಿದ್ದರು. ಕೇಳುವುದಕ್ಕಿಂತ ಇನ್ನೊಂದು ಹಸುವಿನ ಚರ್ಮ ಕೊಳ್ಳುವುದೇ ವಾಸಿ ಎನಿಸಿತು.

ಕೆತ್ತಿದ್ದು ಡಾಗ್‌ವುಡ್ ಹೂವು. ಮೇಧಾ ಪಕ್ಕದ ಊರು ಡರ್ಹಮ್‌ನಲ್ಲಿ ಹುಟ್ಟಿದ ವರ್ಷ ಅವರು ನೆಟ್ಟ ಮರ ಅದು, ಮನೆ ಬದಲಿಸಿದಾಗ ಅದರ ಸಸಿಯೊಂದನ್ನು ಕ್ಯಾರಿಗೂ ತಂದಿದ್ದರು. ಸಸ್ಯವಿಜ್ಞಾನಿಯಾಗಿ ಬದುಕಿದವರು, ಎಸಳಿನ ತುದಿಯ ಕಚ್ಚನ್ನೂ ಬಿಡಲಿಲ್ಲ. ಸುತ್ತಲ ಚರ್ಮವನ್ನು ಉಳಿಯಿಂದ ತಗ್ಗಿಸುತ್ತ ಹೋದಾಗ ಹೂವು ಮೇಲೆದ್ದು ಬಂತು. ಅವತ್ತು ಅವರು ಉಳಿ ಕೆಳಗಿಟ್ಟು, ಒಬ್ಬರೇ ಇದ್ದರೂ, ಜೋರಾಗಿ ನಕ್ಕರು. ಎರಡು ಸೂಜಿ ಹಿಡಿದು ಹೊಲಿದು, ಅಂಚಿಗೆ ಜೇನುಮೇಣ ತಿಕ್ಕಿದರು. ಬಲ ಸೊಂಟಕ್ಕೆ, ಬಲಗೈಗೆ ಸರಿಯಾಗಿ. ಇದನ್ನು ಕಟ್ಟಿಕೊಂಡರೆ ಮಗಳಿಗೆ ತಾನಾಗಿ ಗೊತ್ತಾಗುತ್ತದೆ, ಅವಳ ಕೈಯನ್ನು ಬಲ್ಲವರು ಯಾರು ಎಂದು.

ಏಪ್ರಿಲ್‌ನಲ್ಲಿ ಎಲ್ಲರೂ ಕ್ಯಾರಿಯ ಹತ್ತಿರದ ಜೋರ್ಡನ್ ಲೇಕ್ ದಂಡೆಯಲ್ಲಿ ಟೆಂಟು ಹಾಕಿದರು. ಪೈನ್ ಮರಗಳಿಂದ ಉದುರುವ ಹಳದಿ ಪರಾಗ ಕಾರಿನ ಮೇಲೆ, ಮೇಜಿನ ಮೇಲೆ, ಬಸವಂತಪ್ಪನವರ ಬೋಳುತಲೆಯ ಮೇಲೂ ಕೂತಿತ್ತು. ಸತ್ಯನಾರಾಯಣರು ಪೊಟ್ಟಣ ಕೊಟ್ಟರು. ಮೇಧಾ ಬಿಚ್ಚಿದಳು, ಎಸಳುಗಳ ಮೇಲೆ ಬೆರಳಾಡಿಸಿದಳು.

"ಅಪ್ಪ, ಇದು ನಮ್ಮ ಟ್ರೀ."

"ಕಟ್ಕೊಂಡು ನೋಡು."

ಅವಳು ಹಳೆಯ ಒರೆ ಬಿಚ್ಚಿಟ್ಟಳು. ಹೊಸದನ್ನು ಹಿಡಿದು ಒಂದು ಗಳಿಗೆ ತಡೆದಳು, ಬಲಗಡೆ ಕಟ್ಟಿಕೊಂಡಳು. ಬಸವಂತಪ್ಪನವರು ಅವಳ ಸೊಂಟ ನೋಡಿದರು, ಮುಖ ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಮೇಧಾ ಅಪ್ಪನಿಗೆ ಕಾಣದ ಹಾಗೆ ಬೇಡವೆಂದು ತಲೆ ಅಲ್ಲಾಡಿಸಿದಳು. ಸತ್ಯನಾರಾಯಣರಿಗೆ ಅದು ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ಬೀಗರಿಗೆ ಹೊಟ್ಟೆ ಉರಿಯುತ್ತಿದೆ, ಮಗಳು ಸುಮ್ಮನಿರಿಸುತ್ತಿದ್ದಾಳೆ ಎಂದೇ ತಿಳಿದರು.

"ನಿಮ್ಮ ಹೂವಿನ ಮುಂದೆ ನನ್ನ ಬಳ್ಳಿ ಬರೀ ಸೊಪ್ಪು ಬಿಡ್ರಿ ಬೀಗರೇ," ಎಂದರು ಬಸವಂತಪ್ಪನವರು. "ಮೊದಲನೇ ಸಲಕ್ಕೆ ಇಂಥದ್ದು ನನ್ನ ಕೈಲಿ ಆಗಿರಲಿಲ್ಲ."

ಗೆದ್ದೆ, ಎಂದುಕೊಂಡರು ಸತ್ಯನಾರಾಯಣರು. ಗೆದ್ದವರ ಉದಾರತೆಯಿಂದ ಬೀಗರ ಬೆನ್ನು ತಟ್ಟಿದರು. ಮಯೂರನನ್ನೂ ಅನಸೂಯಮ್ಮನನ್ನೂ ಕರೆದುಕೊಂಡು ನೀರಿನ ಕಡೆ ನಡೆದರು. ಬಿಸಿಲು ಚುರುಕಾಗಿದ್ದರಿಂದ ಟೊಪ್ಪಿ ತರಲು ಅರ್ಧ ದಾರಿಯಿಂದ ಒಬ್ಬರೇ ಹಿಂದಿರುಗಿದರು.

ಕಾರಿನ ಮರೆಗೆ ಬಂದಾಗ ಬೀಗರ ದನಿ ಕೇಳಿಸಿತು. ಅವರು ಒಲೆ ಹೊತ್ತಿಸುತ್ತಿದ್ದರು, ಮೇಧಾ ಮೇಜಿನ ಬಳಿ ಈರುಳ್ಳಿ ಸುಲಿದಿಟ್ಟುಕೊಂಡಿದ್ದಳು. ಅವಳ ಎಡಗೈ ಹೊಟ್ಟೆಯ ಮೇಲಿಂದ ಹಾದು ಬಲ ಸೊಂಟಕ್ಕೆ ಹೋಯಿತು. ಮಣಿಕಟ್ಟು ಸೊಟ್ಟಗೆ ತಿರುಚಿ ಚಾಕು ಎಳೆದಳು.

"ನನ್ನದನ್ನ ಕಟ್ಕಳವ್ವ," ಎಂದರು ಬಸವಂತಪ್ಪನವರು. "ಅದು ನಿನ್ನ ಕೈಗೆ ಬರಂಗಿಲ್ಲ. ಕುಯ್ಕೊಂಬಿಟ್ಟೀಯ."

"ಇರ್ಲಿ ಅಪ್ಪಾಜಿ. ಅಪ್ಪ ಇರೋವರೆಗೂ ಹಾಕ್ಕೋತೀನಿ. ಹಿ ಲುಕ್ಸ್ ಸೋ ಹ್ಯಾಪಿ."

ಅಷ್ಟು ಹೇಳಿ ಅವಳು ಹೆಚ್ಚತೊಡಗಿದಳು, ಎಡಗೈಯಲ್ಲಿ. ಈರುಳ್ಳಿ ಎಳೆ ಎಳೆಯಾಗಿ ಬೀಳುತ್ತಿತ್ತು, ಅವಳು ಅದನ್ನು ನೋಡದೆಯೇ ಮಾವನ ಜೊತೆ ಮಾತಾಡುತ್ತಿದ್ದಳು. ಸತ್ಯನಾರಾಯಣರು ತಮ್ಮ ಮಗಳು ತರಕಾರಿ ಹೆಚ್ಚುವುದನ್ನು ಯಾವತ್ತೂ ನೋಡಿರಲಿಲ್ಲ. ಅವರ ಮನೆಯಲ್ಲಿ ಅಡುಗೆಮನೆ ಅನಸೂಯಮ್ಮನದು, ಗಂಡಸು ಅಲ್ಲಿಗೆ ಹೋಗುವುದು ಕಾಫಿ ಲೋಟ ಇಡುವುದಕ್ಕೆ.

ಅವರು ಮುಂದೆ ಬಂದ ಹೆಜ್ಜೆ ಸದ್ದಿಗೆ ಮೇಧಾ ತಲೆಯೆತ್ತಿದಳು. ಅಪ್ಪನನ್ನು ಕಂಡಳು. ಕಂಡ ತಕ್ಷಣ ಚಾಕು ಎಡಗೈಯಿಂದ ಬಲಗೈಗೆ ಹೋಯಿತು.

ಅವಳು ಯೋಚಿಸಿ ಮಾಡಿದ್ದಲ್ಲ ಅದು. ಅದಕ್ಕೇ ಅವರಿಗೆ ಹಳೆಯದೆಲ್ಲ ನೆನಪಾಯಿತು. ಪುಟ್ಟ ಮೇಧಾ ಎತ್ತರದ ಕುರ್ಚಿಯಲ್ಲಿ ಕೂತು ಮೊಸರನ್ನಕ್ಕೆ ಎಡಗೈ ಹಾಕುತ್ತಿದ್ದಳು. ಆ ಕೈ ಅಲ್ಲ ಪುಟ್ಟಾ, ಎಂದು ಇವರು ಬೆರಳಿಗೆ ಮೆಲ್ಲಗೆ ಹೊಡೆಯುತ್ತಿದ್ದರು. ಆಮೇಲೆ ಬಳಪಕ್ಕೂ ಹಾಗೇ, ಪೆನ್ಸಿಲಿಗೂ ಹಾಗೇ. ಎಷ್ಟು ಬೇಗ ಸರಿ ಮಾಡಿದೆ ನೋಡು ಎಂದು ನೆಂಟರ ಮುಂದೆ ಬೀಗಿ, ಆಮೇಲೆ ಮರೆತೂಬಿಟ್ಟಿದ್ದರು. ಸರಿಯೇನೂ ಆಗಿರಲಿಲ್ಲ. ಅವರ ಎದುರಿಗೆ ಮಾತ್ರ ಅದು ಬಲಗೈಯಾಗುತ್ತಿತ್ತು.

ಈಗ ಚಾಕು ತಡೆತಡೆದು ಓಡುತ್ತಿತ್ತು. ಹೋಳುಗಳು ದಪ್ಪ ದಪ್ಪ ಬೀಳುತ್ತಿದ್ದವು. ಬಸವಂತಪ್ಪನವರು ಒಲೆಯ ಕಡೆಗೆ ತಿರುಗಿ ಇಲ್ಲದ ಬೂದಿಯನ್ನು ಊದುತ್ತಿದ್ದರು.

"ಆ ಒರೆ ಕೊಡಮ್ಮ," ಎಂದರು ಸತ್ಯನಾರಾಯಣರು.

"ಯಾಕಪ್ಪ? ಐ ಲವ್ ಇಟ್."

"ತಪ್ಪು ಕಡೆಗೆ ಹೊಲಿದಿದ್ದೀನಿ." ಬೀಗರ ಮುಂದೆ ಈ ಮಾತು ಹೇಳಬೇಕಲ್ಲ ಎಂಬ ಉರಿಯೂ ದನಿಯಲ್ಲಿತ್ತು. "ನೀನು ಎಡಚಿ ಅಲ್ವೇನಮ್ಮ."

ಮೇಧಾ ಅವರನ್ನೇ ನೋಡಿದಳು. ಒರೆ ಬಿಚ್ಚಿಕೊಡಲಿಲ್ಲ. ಕಣ್ಣು ತುಂಬಿಕೊಂಡು, ಈರುಳ್ಳಿಯ ನೆವ ಮಾಡಿ ತೋಳಿನಿಂದ ಒರೆಸಿಕೊಂಡಳು. ಆಮೇಲೆ ಚಾಕುವನ್ನು ಎಡಗೈಗೆ ತೆಗೆದುಕೊಂಡು ಉಳಿದ ಈರುಳ್ಳಿ ಹೆಚ್ಚತೊಡಗಿದಳು.

ಸತ್ಯನಾರಾಯಣರು ಟೊಪ್ಪಿ ಮರೆತು ಅಲ್ಲೇ ನಿಂತರು. ಎಷ್ಟು ಚೆನ್ನಾಗಿ ಹೆಚ್ಚುತ್ತಾಳೆ ಎಂದು ನೋಡಿದರು. ಇದನ್ನು ಬೀಗರು ನಾಲ್ಕು ವರ್ಷದಿಂದ ದಿನವೂ ನೋಡುತ್ತಿದ್ದಾರಲ್ಲ ಎಂಬ ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.