ಹುಳಿ ಹಣ್ಣಿನ ಹಾಳೆಗಳು

"ಒಲೆ ಹಚ್ಚಬೇಡ! ಈ ಸೆಖೇಲಿ ಹೊಗೆ ಎದ್ರೆ ಅಂಗಳದ ಸುತ್ತಿನ ಮನೆಯವರೆಲ್ಲ ಕತ್ತೆತ್ತಿ ನೋಡ್ತಾರೆ," ಎಂದಳು ಅತ್ತೆ ದಾರೋ.

ಬೆಂಕಿಕಡ್ಡಿ ಗೀರಲು ಹೊರಟಿದ್ದ ತಿನಾತಿನ್ ಕೈ ತಡೆದಳು. ಸುಡಲೆಂದು ಎದುರಿಗಿಟ್ಟಿದ್ದ ಪುಸ್ತಕಕ್ಕೆ ಇಡೀ ಲೋಕದಲ್ಲಿ ಇನ್ನೊಂದು ಪ್ರತಿ ಇಲ್ಲ. ಮದುವೆಯ ವರ್ಷ ಟಿಬಿಲಿಸಿಯ ನೆಲಮಾಳಿಗೆಯ ಕಾಫಿ ಅಂಗಡಿಯಲ್ಲಿ ಕೂತು, ಗೋಡೆಗೆ ಅಂಟಿಸುವ ಕಾಗದದ ಬೆನ್ನಿಗೆ ಗಂಡ ಇಲಾರಿಯೋನ್ ಪದ್ಯ ಬರೆದಿದ್ದ. ಅವಳು ಚಿತ್ರ ಬಿಡಿಸಿ, ದಾರದಲ್ಲಿ ಹೊಲಿದಿದ್ದಳು. ತಲೆಕೆಳಗಾದ ಅಕ್ಷರಗಳು, ಮೀನಿನ ಬೆನ್ನೇರಿದ ರೈಲು. ಪ್ರತಿ ಪದ್ಯದ ಪಕ್ಕ ಒಬ್ಬೊಬ್ಬ ಗೆಳೆಯನ ಮುಖ, ಕೆಳಗೆ ಹೆಸರು. ಹೋದ ವಾರ ಗುಪ್ತ ಪೊಲೀಸರು ಇಲಾರಿಯೋನನನ್ನು ಎಳೆದೊಯ್ದರು. ಮನೆ ಶೋಧಿಸಲು ಮತ್ತೆ ಬರುವುದು ಖಂಡಿತ. ಆ ಮುಖಗಳು ಅವರ ಕೈಗೆ ಸಿಕ್ಕರೆ?

"ನನ್ನ ಮಗ ಬರೆದಿದ್ದು ಒಂದಕ್ಷರ ಅರ್ಥ ಆಗ್ಲಿಲ್ಲ ನಂಗೆ," ಎನ್ನುತ್ತಲೇ ದಾರೋ ಹೊಲಿಗೆ ಬಿಚ್ಚಿದಳು. "ಹಾಗಂತ ಸುಡೋಕಾಗುತ್ತಾ? ಬಾ ಇಲ್ಲಿ."

ಮೊಗಸಾಲೆಯ ಹಗ್ಗದ ಮೇಲೆ, ಹುಳಿ ಪ್ಲಮ್ ಬೇಯಿಸಿ ತೆಳ್ಳಗೆ ಹರಡಿದ ಹಾಳೆಗಳು ಅರೆ ಒಣಗಿ ತೂಗುತ್ತಿದ್ದವು. ಎರಡೆರಡು ಹಾಳೆಗಳ ನಡುವೆ ಒಂದೊಂದು ಪುಟವಿಟ್ಟು ಮುದುಕಿ ಅಂಚನ್ನು ಒದ್ದೆ ಬೆರಳಿನಿಂದ ಒತ್ತಿದಳು. ಬಣ್ಣ ಕದಡುವುದನ್ನು ನೋಡಲಾರದೆ ತಿನಾತಿನ್ ಮುಖ ತಿರುಗಿಸಿದಳು.

ಮಾರನೆಯ ಮಧ್ಯಾಹ್ನವೇ ಇಬ್ಬರು ಬಂದರು. ಹಾಸಿಗೆ ಸೀಳಿದರು, ನೆಲದ ಹಲಗೆ ಕಿತ್ತರು. ಅಂಗಳದ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಅವರಲ್ಲಿ ಹಿರಿಯವನು ಬೆವರೊರೆಸುತ್ತ ಮೊಗಸಾಲೆಗೆ ಬಂದು ಹಗ್ಗದತ್ತ ಕೈಚಾಚಿದ.

"ಅಜ್ಜಿ, ಈ ವರ್ಷದ್ದಾ?"

"ಇನ್ನೂ ಹಸಿ ಕಣಪ್ಪ, ಹೊಟ್ಟೆ ಕೆಡುತ್ತೆ. ಒಳಗೆ ಒಣಗಿದ್ದಿದೆ, ತಂದುಕೊಡ್ಲಾ?"

"ಹಸೀದೇ ಚೆನ್ನ." ಮೂಲೆ ಹರಿದು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುವುದು ನಿಂತಿತು. ನಾಲಗೆಯ ತುದಿಯಿಂದ ಕಾಗದದ ಚೂರೊಂದನ್ನು ತೆಗೆದು ಬೆರಳ ಮೇಲಿಟ್ಟು ನೋಡಿದ.

"ಕಾಗದದ ಮೇಲೆ ಹರಡಿದ್ದೀರಾ? ನಮ್ಮಮ್ಮ ಹಲಗೆ ಮೇಲೆ ಹರಡ್ತಿದ್ಲು."

"ಹಲಗೆ ಎಲ್ಲಿದೆಯಪ್ಪ? ಚಳಿಗಾಲದಲ್ಲಿ ಸುಟ್ಕೊಂಡ್ವಿ."

ಅವನು ಮುದುಕಿಯನ್ನೇ ನೋಡಿದ. ಆಮೇಲೆ ಆ ಹಾಳೆಯನ್ನು ಹಗ್ಗದಿಂದ ಎಳೆದು, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಇಲ್ಲೇನೂ ಇಲ್ಲ, ನಡಿ," ಎಂದು ಜೊತೆಗಾರನನ್ನು ಕರೆದುಕೊಂಡು ಹೋದ.

ಅವನಿಗೆ ಗೊತ್ತಾಯಿತೋ ಇಲ್ಲವೋ?

"ಅವನು ಒಯ್ದ ಹಾಳೇಲಿ ಇದ್ದಿದ್ದು ಯಾರ ಮುಖ?" ಎಂದಳು ದಾರೋ.

ತಿನಾತಿನ್ ಉಳಿದ ಹಾಳೆಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದಳು. ಒಂದು ಮುಖ ಮಾತ್ರ ಇರಲಿಲ್ಲ. "ಶಾಲ್ವಾಂದು."

"ಮತ್ತೆ ನಿಂತಿದ್ದೀಯಲ್ಲ! ಓಡು. ಇವತ್ತಿನ ರೈಲಿಗೇ ಊರು ಬಿಡೋಕೆ ಹೇಳು. ಬುಟ್ಟಿ ಹಿಡ್ಕೊ, ಬ್ರೆಡ್ಡಿಗೆ ಹೋದ ಹಾಗೆ ಕಾಣ್ಲಿ."

ಮುಸ್ಸಂಜೆ. ಬುಟ್ಟಿ ಹಿಡಿದು, ಓಡಬಾರದೆಂದು ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಏರುಬೀದಿ ಹತ್ತಿದಳು. ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸಪ್ಪಳ ಬೇರೆ ಓಣಿಗೆ ಹೊರಳಿಕೊಂಡಿತು.

ಶಾಲ್ವಾನ ಮನೆಯೊಳಗೆ ತಟ್ಟೆ ಚಮಚಗಳ ಸದ್ದು, ಅವನ ಹೆಂಡತಿಯ ನಗು. ತಿನಾತಿನ್ ಬಾಗಿಲು ತಟ್ಟಿದಳು.

ನಗು ನಿಂತಿತು. ದೀಪ ಆರಿತು. ಒಂದು ಮಗು ಅಳಲು ಶುರು ಮಾಡಿತು, ಯಾರೋ ಅದರ ಬಾಯಿ ಮುಚ್ಚಿದರು.

ಅವಳು ಬೀಗದ ಕಿಂಡಿಗೆ ಬಾಯಿಟ್ಟು ತನ್ನ ಹೆಸರು ಹೇಳಿದಳು. ಬಾಗಿಲು ತೆರೆಯಲಿಲ್ಲ; ಅವಳು ಕಿಂಡಿಯಲ್ಲೇ ಪಿಸುಗುಟ್ಟಿದಳು, "ಶಾಲ್ವಾ, ಇವತ್ತಿನ ರೈಲಿಗೇ ಊರು ಬಿಡು."